ಲಿಂಗಧ್ಯಾನದಲ್ಲಿ ಅನುಭವವೂ ಅನುಭಾವವೂ

ಕರಸ್ಥಲದಲ್ಲಿ ಇಷ್ಟಲಿಂಗವನ್ನು ಬಿಜಯಮಾಡಿಸಿಕೊಂಡು, ದೃಷ್ಟಿಯನ್ನು ಅದರಲ್ಲಿಯೇ ನಿಲ್ಲಿಸಿ, ಶಿವಪಂಚಾಕ್ಷರಿಯನ್ನು ಮನದಲ್ಲಿ ನೆನೆಯುತ್ತ ಕುಳಿತ ಭಕ್ತನ ಅಂತರಂಗದಲ್ಲಿ ನಡೆಯುವ ವ್ಯಾಪಾರವು ಪಕ್ಕದಲ್ಲಿ ಕುಳಿತವರಿಗೂ ತಿಳಿಯತಕ್ಕುದಲ್ಲ. ಒಬ್ಬನಿಗೆ ಕಾರಣವಿಲ್ಲದೆ ಕಣ್ಣೀರು ಸುರಿಯುತ್ತದೆ. ಇನ್ನೊಬ್ಬನಿಗೆ ಲಿಂಗದ ಸುತ್ತ ಬೆಳಕಿನ ಬಳೆಯೊಂದು ಕಾಣುತ್ತದೆ. ಮತ್ತೊಬ್ಬನಿಗೆ ಮೈ ನವಿರೇಳುತ್ತದೆ, ಇಲ್ಲವೆ ಅಕಾರಣವಾದ ಭಯವು ಎದೆಯನ್ನು ಹಿಡಿಯುತ್ತದೆ. ಬಹುಮಂದಿಗೆ ಏನೂ ಆಗುವುದಿಲ್ಲ. ಕಾಲು ಜೋಮು ಹಿಡಿಯುತ್ತದೆ, ಮನೆಯ ಚಿಂತೆ ನೆನಪಾಗುತ್ತದೆ, ಅಷ್ಟೆ. ಇವುಗಳಲ್ಲಿ ಯಾವುದು ಪೂಜೆಯ ಫಲ, ಯಾವುದು ಪೂಜೆಯ ವಿಘ್ನ? ಕಂಡವನು ಧನ್ಯನೆ, ಕಾಣದವನು ಪಾಪಿಯೆ? ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯದೆ ಅನೇಕ ಸದ್ಭಕ್ತರು ದಾರಿ ತಪ್ಪುವುದುಂಟು. ಆದುದರಿಂದ ಶರಣರ ಮಾರ್ಗದಲ್ಲಿ ಇದಕ್ಕಿರುವ ನಿರ್ಣಯವೇನೆಂಬುದನ್ನು ವಿಚಾರಿಸುವುದು ಆವಶ್ಯಕ.

ತೀರ್ಥಹಳ್ಳಿ ಸೀಮೆಯ ಕೋಣಂದೂರು ಹಾಗೂ ಅದರ ಸುತ್ತಣ ಹಳ್ಳಿಗಳಲ್ಲಿ ಲಿಂಗಪೂಜೆಯು ವಿರಕ್ತರಿಗೆ ಮಾತ್ರ ಮೀಸಲಾದುದಲ್ಲ. ಅದು ಗೃಹಸ್ಥರ ನಿತ್ಯವಿಧಿ. ಒಂದು ಕಾಲಕ್ಕೆ ಈ ಮಲೆನಾಡು ವೀರಶೈವರಾದ ಕೆಳದಿಯ ಅರಸರ ಆಳ್ವಿಕೆಯಲ್ಲಿದ್ದಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ಆ ರಾಜ್ಯವು ಅಳಿಯಿತು. ಅರಸರು ಹೋದರೂ ಮನೆಮನೆಯ ಪೂಜೆಯು ಉಳಿಯಿತು. ಮಳೆಗಾಲದ ಬೆಳಗಿನಲ್ಲಿ ಹೊರಗೆ ಜಡಿಮಳೆ ಹೊಡೆಯುತ್ತಿರುವಾಗ, ಒಳಗೆ ವಿಭೂತಿಯನ್ನು ಧರಿಸಿ, ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿ ಇರಿಸಿಕೊಂಡು ಕುಳಿತ ಗೃಹಸ್ಥನ ಮನಸ್ಸಿನಲ್ಲಿ ಲಿಂಗವೂ ಇರುತ್ತದೆ, ತೋಟದ ಕೊಳೆರೋಗವೂ ಇರುತ್ತದೆ. ಮೈಲುತುತ್ತ ಸುಣ್ಣದ ದ್ರಾವಣವನ್ನು ಹೊಡೆಸುವುದಕ್ಕೆ ಒಂದು ದಿನದ ಹೊಳವು ಸಿಕ್ಕೀತೆ ಎಂಬ ಕಳವಳವು ಪಂಚಾಕ್ಷರಿಯ ನಡುವೆ ತೂರಿಬರುತ್ತದೆ. ಇಂತಹ ಬಾಳಿನ ನಡುವೆ ಕುಳಿತು ಧ್ಯಾನಿಸುವವನಿಗೆ ಹೇಳುವ ಮಾತು, ಗುಹೆಯಲ್ಲಿ ಕುಳಿತವನಿಗೆ ಹೇಳುವ ಮಾತಿಗಿಂತ ಸ್ಪಷ್ಟವಾಗಿರಬೇಕು.

ಇಂತಹ ಭಕ್ತರಲ್ಲಿ ಮೂರು ಬಗೆಯವರನ್ನು ಎಲ್ಲೆಡೆಯಲ್ಲಿಯೂ ಕಾಣಬಹುದು. ಬೆಳಕನ್ನೋ ನಾದವನ್ನೋ ಅನುಭವಿಸಿ, ತನಗೆ ಸಿದ್ಧಿಯಾಯಿತೆಂದು ಬಗೆದು, ನೆರೆಯವರೊಡನೆ ಅದನ್ನೇ ಹೇಳಿಕೊಂಡು ತಿರುಗುವವನು ಒಬ್ಬ. ಪೂಜೆಗೆ ಕುಳಿತೊಡನೆ ಅಗಲಿದ ಮಗನೋ ತಾಯಿಯೋ ನೆನಪಾಗಿ ಅಳು ಬರುವುದರಿಂದ, ಲಿಂಗದ ಮುಂದೆ ಅಳುವುದು ಅಪಚಾರವೆಂದು ಹೆದರಿ ಪೂಜೆಯನ್ನೇ ಮೊಟಕುಮಾಡುವವನು ಇನ್ನೊಬ್ಬ. ಹತ್ತಾರು ವರ್ಷ ಕುಳಿತರೂ ಏನೂ ಕಾಣದೆ, ತನಗೆ ಶಿವಕೃಪೆಯಿಲ್ಲವೆಂದು ಮನಸ್ಸನ್ನು ಕಹಿಮಾಡಿಕೊಂಡವನು ಮೂರನೆಯವನು. ಹೊರನೋಟಕ್ಕೆ ಈ ಮೂವರೂ ಬೇರೆ ಬೇರೆ. ಆದರೆ ಮೂವರ ತಪ್ಪು ತಿಳಿವಳಿಕೆ ಒಂದೇ. ಧ್ಯಾನದಲ್ಲಿ ತೋರಿಬಂದುದೇ ಧ್ಯಾನದ ಗುರಿಯೆಂದು ಮೂವರೂ ನಂಬಿದ್ದಾರೆ.

ಶರಣರ ಪರಿಭಾಷೆಯಲ್ಲಿ ಅನುಭವ ಮತ್ತು ಅನುಭಾವ ಎಂಬ ಎರಡು ಮಾತುಗಳಿವೆ. ಕೇಳುವುದಕ್ಕೆ ಒಂದು ದೀರ್ಘಾಕ್ಷರದ ವ್ಯತ್ಯಾಸವಾದರೂ ಅರ್ಥದಲ್ಲಿ ಅಂತರವು ಬಹಳ. ಇಂದ್ರಿಯಕ್ಕೂ ಮನಸ್ಸಿಗೂ ತೋರಿ ಮರೆಯಾಗುವಂತಹುದು ಅನುಭವ. ತೋರಿದುದೂ ಮರೆಯಾದುದೂ ಯಾವುದರಲ್ಲಿ ಎಂಬ ಅರಿವು ನೆಲೆಗೊಂಡು, ನಡೆನುಡಿಗಳಲ್ಲಿ ಬೆರೆತುಹೋಗುವಂತಹುದು ಅನುಭಾವ. ಮೊದಲನೆಯದಕ್ಕೆ ಆರಂಭವೂ ಕೊನೆಯೂ ಇವೆ. ಎರಡನೆಯದು ಒಮ್ಮೆ ಬಲಿತರೆ ಬಾಳಿನ ಸ್ವಭಾವವೇ ಆಗುತ್ತದೆ. ಷಟ್ಸ್ಥಲದ ಕ್ರಮವನ್ನು ನೋಡಿದರೆ ಇದು ಇನ್ನಷ್ಟು ವಿಶದವಾಗುವುದು. ಭಕ್ತನಿಗೆ ಶ್ರದ್ಧಾಭಕ್ತಿ, ಮಹೇಶನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ, ಪ್ರಾಣಲಿಂಗಿಗೆ ಅನುಭಾವಭಕ್ತಿ, ಶರಣನಿಗೆ ಆನಂದಭಕ್ತಿ, ಐಕ್ಯನಿಗೆ ಸಮರಸಭಕ್ತಿ. ಇಲ್ಲಿ ಆನಂದಕ್ಕೆ ದೊರೆತ ಸ್ಥಾನ ಐದನೆಯದು. ಅದಕ್ಕೆ ಮೊದಲು ಶ್ರದ್ಧೆ ಬೇಕು, ನಿಷ್ಠೆ ಬೇಕು, ಅವಧಾನ ಬೇಕು. ಆನಂದವೂ ಕೊನೆಯದಲ್ಲ, ಅದರ ಆಚೆಗೆ ಸಮರಸವಿದೆ. ಆದುದರಿಂದ ಪೂಜೆಯ ಮೊದಲ ತಿಂಗಳಿನಲ್ಲಿಯೇ ಆನಂದವನ್ನು ಬಯಸುವವನು ಮೆಟ್ಟಿಲನ್ನು ಬಿಟ್ಟು ಮಹಡಿಯನ್ನು ಕೇಳಿದಂತೆ. ಒಂದು ದಿನದ ಆನಂದವನ್ನು ಕೊನೆಯೆಂದು ತಿಳಿದವನು ಜಗಲಿಯಲ್ಲಿಯೇ ಮಲಗಿ ಮನೆಯನ್ನು ಸೇರಿದೆನೆಂದಂತೆ.

ಮೊದಲು ದೇಹದ ವಿಷಯವನ್ನು ನೋಡೋಣ. ಕಣ್ಣನ್ನು ಮಿಟುಕಿಸದೆ ಒಂದೇ ವಸ್ತುವನ್ನು ನೋಡುತ್ತಿದ್ದರೆ ಕಣ್ಣು ಒಣಗಿ ನೀರೂರುವುದು ಅದರ ಧರ್ಮ. ಇಷ್ಟಲಿಂಗದ ಕಪ್ಪು ಕಂಥೆಯ ಮೇಲೆ ದೀಪದ ಬಿಂಬವು ಚುಕ್ಕಿಯಾಗಿ ಹೊಳೆಯುವುದು ಸಹಜ. ಆ ಚುಕ್ಕಿಯನ್ನೇ ನೋಡಿ ದೃಷ್ಟಿಯನ್ನು ಬೇರೆಡೆಗೆ ತಿರುಗಿಸಿದರೆ ಅದರ ನೆರಳು ಕಣ್ಣಿನಲ್ಲಿ ತೇಲುವುದೂ ಸಹಜ. ದೃಷ್ಟಿಯು ಒಂದೆಡೆ ನಿಂತಾಗ ಸುತ್ತಣ ವಸ್ತುಗಳು ಮಸುಕಾಗಿ ಮಾಯವಾಗುವುದನ್ನು ಸ್ವಿಟ್ಸರ್ಲೆಂಡಿನ ವೈದ್ಯನೂ ತತ್ತ್ವಜ್ಞನೂ ಆದ ಟ್ರಾಕ್ಸ್ಲರನು 1804ರಲ್ಲಿಯೇ ವಿವರಿಸಿದನು. ಇಂದಿಗೂ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಇದನ್ನು ತಿಳಿದರೆ ಲಿಂಗದ ಮಹಿಮೆಗೆ ಕುಂದಾಗುವುದಿಲ್ಲ. ಲಿಂಗದ ಮಹಿಮೆಯು ಕಣ್ಣಿನ ಚಮತ್ಕಾರವನ್ನು ನಂಬಿಕೊಂಡು ನಿಂತಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟನ್ನು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸಾತ್ತ್ವಿಕಭಾವಗಳೆಂದು ಎಣಿಸಿದನು. ನಾಟಕದ ನಟನಲ್ಲಿಯೂ ಅವು ತೋರಬಲ್ಲವು. ಪತಂಜಲಿಯಾದರೋ ದುಃಖ, ಮನಸ್ಸಿನ ಖಿನ್ನತೆ, ಅಂಗಗಳ ನಡುಕ, ಉಸಿರಿನ ಏರುಪೇರು ಎಂಬಿವನ್ನು ಚಿತ್ತವಿಕ್ಷೇಪದ ಸಂಗಾತಿಗಳೆಂದು ಹೇಳಿದನು. ಒಂದೇ ನಡುಕವು ಭಕ್ತಿಯಿಂದಲೂ ಬರಬಹುದು, ದುರ್ಬಲತೆಯಿಂದಲೂ ಬರಬಹುದು. ಬರಿಯ ನಡುಕವನ್ನು ನೋಡಿ ಭಕ್ತಿಯನ್ನು ಅಳೆಯಲಾಗದು.

ಈ ವಿಷಯದಲ್ಲಿ ದೊಡ್ಡ ಪ್ರಮಾಣಪುರುಷನಾದ ಅಲ್ಲಮಪ್ರಭುವು ಇದೇ ನಾಡಿನವನು. ಕೋಣಂದೂರು ಇರುವ ಶಿವಮೊಗ್ಗ ಜಿಲ್ಲೆಯಲ್ಲಿಯೇ, ಶಿಕಾರಿಪುರದ ಸೀಮೆಯಲ್ಲಿ ಅವನ ಬಳ್ಳಿಗಾವೆಯಿದೆ. ಅಕ್ಕಮಹಾದೇವಿಯ ಉಡುತಡಿಯೂ ಅದೇ ಸೀಮೆಯದು. ಹರಿಹರನು ರಚಿಸಿದ ಪ್ರಭುದೇವರ ರಗಳೆಯಲ್ಲಿ ಬರುವ ವೃತ್ತಾಂತವು ಮನನಯೋಗ್ಯವಾದುದು. ಮದ್ದಳೆಯನ್ನು ಬಾರಿಸುವುದರಲ್ಲಿ ಪ್ರವೀಣನಾದ ಅಲ್ಲಮನು ತಾನು ಪ್ರೀತಿಸಿದ ಕಮಲತೆಯು ಜ್ವರದಿಂದ ತೀರಿಕೊಂಡಾಗ ದುಃಖದಿಂದ ಮೈಮರೆತು ಅಲೆಯುತ್ತಾನೆ. ಹೀಗೆ ಅಲೆಯುತ್ತ ಒಂದು ತೋಟದಲ್ಲಿ ಕುಳಿತು ಉಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೊನ್ನಿನ ಕಳಸವೊಂದು ಕಾಣುತ್ತದೆ. ಅಗೆಸಿ ನೋಡಿದರೆ ಅದು ಹುದುಗಿಹೋದ ಗುಡಿ. ಅದರೊಳಗೆ ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನೆಟ್ಟು ಕುಳಿತ ಅನಿಮಿಷಯ್ಯ. ಆ ಲಿಂಗವು ಅಲ್ಲಮನ ಕೈಗೆ ಬರುತ್ತದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಈ ಚರಿತ್ರೆಯು ಬೇರೆ ರೀತಿಯಾಗಿದೆ. ಅಲ್ಲಿ ಪ್ರಭುವಿಗೆ ಮೋಹದ ಸೋಂಕೇ ಇಲ್ಲ. ಆದರೆ ಗೃಹಸ್ಥನಿಗೆ ಹರಿಹರನ ಕಥೆಯಲ್ಲಿ ಒಂದು ಧೈರ್ಯವುಂಟು. ದುಃಖಿತನಾದುದರಿಂದ ಅಲ್ಲಮನು ಲಿಂಗಕ್ಕೆ ಅನರ್ಹನಾಗಲಿಲ್ಲ. ಅಳುತ್ತಿದ್ದ ಕೈಗೇ ಲಿಂಗವು ಬಂದಿತು.

ಮುಂದೆ ಅದೇ ಪ್ರಭುವು ಇತರರ ದುಃಖವನ್ನು ಹೇಗೆ ಕಂಡನೆಂಬುದನ್ನು ಶೂನ್ಯಸಂಪಾದನೆಯು ತಿಳಿಸುತ್ತದೆ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನು ಲಿಂಗೈಕ್ಯನಾದಾಗ ಮುಕ್ತಾಯಕ್ಕನು ಶೋಕದಲ್ಲಿ ಮುಳುಗುತ್ತಾಳೆ. ಪ್ರಭುವು ಬಂದು ಅವಳ ಅಳುವನ್ನು ನಿಲ್ಲಿಸೆಂದು ಗದರಿಸುವುದಿಲ್ಲ. ಈ ಅಳುವು ಯಾರನ್ನು ಕುರಿತದ್ದು, ಅಳುವವರು ಯಾರು ಎಂಬ ಕಡೆಗೆ ಅವಳ ಬುದ್ಧಿಯನ್ನು ತಿರುಗಿಸುತ್ತಾನೆ. ಅವಳೂ ಸುಮ್ಮನೆ ತಲೆಯಾಡಿಸುವವಳಲ್ಲ. ಮಾತಿನಲ್ಲಿ ಉಪದೇಶಿಸುವ ಪ್ರಭುವಿಗೇ ಮಾತಿನ ಹಂಗು ಹರಿದಿದೆಯೆ ಎಂಬ ಅರ್ಥದಲ್ಲಿ ಎದುರು ಪ್ರಶ್ನೆಯನ್ನು ಹಾಕುತ್ತಾಳೆ. ಆ ಸಂವಾದದ ದಾರಿಯಲ್ಲಿ ಶೋಕವು ಅರಿವಾಗಿ ಮಾರ್ಪಡುತ್ತದೆ. ಇದರಿಂದ ತಿಳಿಯಬೇಕಾದುದೇನು? ಧ್ಯಾನದಲ್ಲಿ ಬರುವ ಅಳುವು ಅಪಚಾರವಲ್ಲ, ಪುಣ್ಯವೂ ಅಲ್ಲ. ಹಗಲೆಲ್ಲ ಗದ್ದೆ ತೋಟಗಳ ಕೆಲಸದಲ್ಲಿ ಅದುಮಿಟ್ಟಿದ್ದ ದುಃಖವು ಮನಸ್ಸು ತಣ್ಣಗಾದ ಗಳಿಗೆಯಲ್ಲಿ ಮೇಲಕ್ಕೆ ಬರುತ್ತದೆ. ತಿಳಿಗೊಂಡ ಕೆರೆಯಲ್ಲಿ ತಳವು ಕಾಣುವಂತೆ ಅದು ಕಾಣುತ್ತದೆ. ಕಂಡುದನ್ನು ಕಲಕದೆ, ಅದರಲ್ಲಿಯೇ ಮುಳುಗದೆ, ಲಿಂಗದ ಸನ್ನಿಧಿಯಲ್ಲಿ ಅದು ಇರುವಂತೆ ಬಿಡಬೇಕು.

ಸಿದ್ಧರಾಮಯ್ಯನ ಪ್ರಸಂಗವು ಇನ್ನೊಂದು ಪಾಠವನ್ನು ಹೇಳುತ್ತದೆ. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ, ಗುಡಿಗಳನ್ನು ನಿಲ್ಲಿಸಿ, ಲೋಕೋಪಕಾರದಲ್ಲಿ ತೊಡಗಿದ್ದ ಆ ಮಹಾತ್ಮನ ಬಳಿಗೆ ಪ್ರಭುವು ಬಂದು ಕೆಣಕಿ ಮಾತನಾಡಿದಾಗ, ಸಿದ್ಧರಾಮನ ಕೋಪವು ಉರಿಗಣ್ಣಿನ ಬೆಂಕಿಯಾಗಿ ಹೊರಹೊಮ್ಮಿತೆಂದು ಕಥೆಯಿದೆ. ಯೋಗಸಿದ್ಧಿಯೂ ಇದ್ದಿತು, ಕೋಪವೂ ಇದ್ದಿತು. ಎರಡೂ ಒಂದೇ ಮನೆಯಲ್ಲಿ ವಾಸಮಾಡಬಲ್ಲವೆಂಬುದನ್ನು ಆ ಬೆಂಕಿಯೇ ತೋರಿಸಿಕೊಟ್ಟಿತು. ಗೋರಕ್ಷನ ವೃತ್ತಾಂತವೂ ಇದೇ ಜಾಡಿನದು. ವಜ್ರದೇಹವನ್ನು ಸಾಧಿಸಿದ್ದ ಗೋರಕ್ಷನಿಗೆ ಕತ್ತಿಯನ್ನು ಬೀಸಿದರೆ ಖಣಿಲೆಂಬ ಸದ್ದಾಯಿತು. ಪ್ರಭುವಿಗೆ ಬೀಸಿದ ಕತ್ತಿಯು ಬಯಲಿನಲ್ಲಿ ಆಡಿದಂತೆ ಹಾದುಹೋಯಿತು. ತಾಗಿ ಸದ್ದಾಗುವಷ್ಟು ಗಟ್ಟಿಯಾದ ನಾನು ಎಂಬುದು ಗೋರಕ್ಷನಲ್ಲಿ ಇನ್ನೂ ಉಳಿದಿದ್ದಿತು. ಧ್ಯಾನದಲ್ಲಿ ಬೆಳಕನ್ನು ಕಂಡು ಹಿಗ್ಗುವ ಭಕ್ತನು ತನ್ನಲ್ಲಿ ಸದ್ದಾಗುತ್ತಿರುವುದು ಏನೆಂದು ಕೇಳಿಕೊಳ್ಳಬೇಕು.

ಇದು ವೀರಶೈವರ ಮಾರ್ಗಕ್ಕೆ ಮಾತ್ರ ಸೀಮಿತವಾದ ವಿಚಾರವಲ್ಲ. ಜಪಾನು ದೇಶದಲ್ಲಿ ಝೆನ್ ಎಂದು ಪ್ರಸಿದ್ಧವಾದ ಬೌದ್ಧಮಾರ್ಗವೊಂದಿದೆ. ಆ ಹೆಸರು ಸಂಸ್ಕೃತದ ಧ್ಯಾನ ಶಬ್ದದ್ದೇ. ಅದು ಚೀನದಲ್ಲಿ ಚಾನ್ ಎಂದಾಗಿ, ಜಪಾನಿನಲ್ಲಿ ಝೆನ್ ಎಂದಾಯಿತು. ಕಲ್ಯಾಣದ ಶರಣರ ಶತಮಾನದಲ್ಲಿಯೇ, 1191ರಲ್ಲಿ, ಐಸೈ ಎಂಬ ಭಿಕ್ಷುವು ಚೀನದಿಂದ ಮರಳಿಬಂದು ಆ ಮಾರ್ಗದ ಒಂದು ಶಾಖೆಯನ್ನು ಜಪಾನಿನಲ್ಲಿ ನೆಲೆಗೊಳಿಸಿದನು. ದೋಗೆನ್ ಎಂಬವನು 1227ರಲ್ಲಿ ಇನ್ನೊಂದು ಶಾಖೆಯನ್ನು ತಂದನು. ಅವರೂ ಕಣ್ಣನ್ನು ಪೂರ್ಣವಾಗಿ ಮುಚ್ಚದೆ, ಅರೆತೆರೆದ ದೃಷ್ಟಿಯಿಂದ, ಬೆನ್ನನ್ನು ನೆಟ್ಟಗೆ ಮಾಡಿ ಕುಳಿತು ಧ್ಯಾನಿಸುವವರು. ಅವರಿಗೆ ಕರಸ್ಥಲದ ಲಿಂಗವಿಲ್ಲ. ಅವರ ಶೂನ್ಯವೂ ಶರಣರ ಬಯಲೂ ಒಂದೇ ಎಂದು ಅವಸರದಿಂದ ಹೇಳಲಾಗದು. ಆದರೆ ಕುಳಿತ ಮನುಷ್ಯನ ಮನಸ್ಸು ಎಲ್ಲೆಡೆಯೂ ಒಂದೇ ಆದುದರಿಂದ, ಅವರಿಗೆ ಬರುವ ತೊಡಕುಗಳೂ ಇವೇ. ಧ್ಯಾನದಲ್ಲಿ ಕಾಣುವ ರೂಪಗಳು, ಕೇಳುವ ದನಿಗಳು, ಉಕ್ಕುವ ಅಳು, ಹೆದರಿಕೆ, ಹಿಗ್ಗು ಇವೆಲ್ಲಕ್ಕೂ ಅವರು ಮಾಕ್ಯೋ ಎಂದು ಹೆಸರಿಟ್ಟಿದ್ದಾರೆ. ಮಾ ಎಂದರೆ ಬುದ್ಧನನ್ನು ಕಾಡಿದ ಮಾರ, ಕ್ಯೋ ಎಂದರೆ ಅವನ ಸೀಮೆ. ಬುದ್ಧನ ದಿವ್ಯರೂಪವೇ ಎದುರಿಗೆ ಕಂಡರೂ ಅದನ್ನು ಹಿಡಿದುಕೊಳ್ಳದೆ ಮರಳಿ ಉಸಿರಿನ ಕಡೆಗೆ ಬರಬೇಕೆಂಬುದು ಅಲ್ಲಿಯ ಗುರುಗಳ ನಿಯಮ.

ಆ ಪರಂಪರೆಯಲ್ಲಿ ಹಕುಇನ್ ಎಂಬ ಆಚಾರ್ಯನು ಪ್ರಖ್ಯಾತನು. ಅವನು 1686ರಲ್ಲಿ ಹುಟ್ಟಿ 1769ರಲ್ಲಿ ತೀರಿಕೊಂಡನು. ಇಪ್ಪತ್ತರ ಹರೆಯದಲ್ಲಿ, 1708ರಲ್ಲಿ, ಹಗಲಿರುಳೂ ಧ್ಯಾನಿಸುತ್ತಿದ್ದಾಗ ದೂರದ ಗಂಟೆಯ ನಾದವೊಂದನ್ನು ಕೇಳಿದೊಡನೆ ಅವನಿಗೆ ಮಹತ್ತಾದ ಬೋಧೆಯುಂಟಾಯಿತು. ಮುನ್ನೂರು ವರ್ಷಗಳಿಂದ ತನ್ನಂತಹ ಬೋಧೆಯು ಯಾರಿಗೂ ಆಗಿರಲಾರದೆಂದು ಅವನು ಬೀಗಿದನು. ಆಗ ಶೋಜು ಎಂಬ ವೃದ್ಧಗುರುವು ಅವನ ಗರ್ವವನ್ನು ಕಂಡು ಬೈದು, ದಬ್ಬಿ, ತಿಂಗಳುಗಟ್ಟಲೆ ಹದಮಾಡಿದನು. ಮುಂದೆ ಅತಿಯಾದ ಸಾಧನೆಯಿಂದ ಹಕುಇನನಿಗೆ ಕಾಯಿಲೆಯಾಯಿತು: ಕಾಲು ತಣ್ಣಗೆ ಕೊರೆಯುವುದು, ಕಿವಿಯಲ್ಲಿ ಹೊಳೆಯ ಮೊರೆತದಂತಹ ಸದ್ದು, ಮನಸ್ಸಿನಲ್ಲಿ ಹೆದರಿಕೆ, ಕಣ್ಣಿನಲ್ಲಿ ನಿಲ್ಲದ ನೀರು, ಮೈಯಲ್ಲಿ ಬೆವರು. ಅವನು ಇವನ್ನು ಸಿದ್ಧಿಯ ಲಕ್ಷಣಗಳೆಂದು ಕೊಂಡಾಡಲಿಲ್ಲ. ರೋಗವೆಂದೇ ತಿಳಿದು ಉಪಾಯವನ್ನು ಹುಡುಕಿದನು. ತಲೆಯ ಮೇಲಿರಿಸಿದ ಸುವಾಸನೆಯ ಬೆಣ್ಣೆಯ ಮುದ್ದೆಯು ಕರಗಿ ಮೈಯೆಲ್ಲಕ್ಕೆ ಇಳಿದುಬರುವಂತೆ ಭಾವಿಸಿ ವಿಶ್ರಮಿಸುವ ಮೃದುವಾದ ಧ್ಯಾನದಿಂದ ಗುಣವಾಯಿತೆಂದು, ಎಪ್ಪತ್ತರ ವಯಸ್ಸಿನಲ್ಲಿ ಪ್ರಕಟಿಸಿದ ಯಾಸೆನ್ ಕನ್ನ ಎಂಬ ಪುಸ್ತಕದಲ್ಲಿ ಬರೆದನು. ಶಿಷ್ಯರಿಗೆ ದಾರಿಯಾಗಲೆಂದು ತನ್ನ ಕಾಯಿಲೆಯನ್ನು ಮುಚ್ಚಿಡದೆ ಹೇಳಿದುದು ಅವನ ಹಿರಿಮೆ. ಸಿದ್ಧರಾಮನಿಗೆ ಪ್ರಭು, ಹಕುಇನನಿಗೆ ಶೋಜು. ಕಂಡುದರಿಂದ ಬೀಗಿದವನ ಬೀಗುವಿಕೆಯನ್ನು ಇಳಿಸುವುದಕ್ಕೆ ಎರಡು ಕಡೆಗಳಲ್ಲಿಯೂ ಇನ್ನೊಬ್ಬ ಬಲ್ಲವನು ಬೇಕಾದನು.

ಹಾಗಾದರೆ ಬಂದ ಅನುಭವವನ್ನು ಏನು ಮಾಡಬೇಕು? ಝೆನ್ ಮಾರ್ಗದವರು ಅದನ್ನು ಬಿಟ್ಟು ಮುಂದೆ ಹೋಗೆನ್ನುತ್ತಾರೆ. ಶರಣರ ಮಾರ್ಗವು ಇನ್ನೂ ಒಂದು ಹೆಜ್ಜೆ ಮುಂದುವರಿದು, ಅದನ್ನು ಎಲ್ಲಿ ಇಡಬೇಕೆಂಬುದನ್ನೂ ತಿಳಿಸುತ್ತದೆ. ಅದೇ ಅರ್ಪಿತದ ಮರ್ಮ. ಒಂದೇ ಲಿಂಗವು ಇಂದ್ರಿಯಭೇದದಿಂದ ಆರು ಲಿಂಗಗಳಾಗಿ ನಿಂತು ಆರು ಪದಾರ್ಥಗಳನ್ನು ಸ್ವೀಕರಿಸುತ್ತದೆ. ಮೂಗಿಗೆ ಬಂದ ಗಂಧವು ಆಚಾರಲಿಂಗಕ್ಕೆ, ನಾಲಗೆಗೆ ಬಂದ ರುಚಿಯು ಗುರುಲಿಂಗಕ್ಕೆ, ಕಣ್ಣಿಗೆ ತೋರಿದ ರೂಪವು ಶಿವಲಿಂಗಕ್ಕೆ, ಮೈಗೆ ತಾಗಿದ ಸ್ಪರ್ಶವು ಜಂಗಮಲಿಂಗಕ್ಕೆ, ಕಿವಿಗೆ ಬಿದ್ದ ಶಬ್ದವು ಪ್ರಸಾದಲಿಂಗಕ್ಕೆ, ಹೃದಯದಲ್ಲಿ ಮೂಡಿದ ತೃಪ್ತಿಯು ಮಹಾಲಿಂಗಕ್ಕೆ ಅರ್ಪಿತ. ಸಾಮಾನ್ಯವಾಗಿ ಈ ಕ್ರಮವನ್ನು ಊಟ ಉಪಚಾರಗಳಿಗೆ ಹೊಂದಿಸಿ ಹೇಳುವುದು ವಾಡಿಕೆ. ಆದರೆ ಧ್ಯಾನದಲ್ಲಿ ತೋರುವ ಬೆಳಕೂ ರೂಪವೇ. ಒಳಗಿವಿಗೆ ಕೇಳುವ ನಾದವೂ ಶಬ್ದವೇ. ನವಿರೇಳಿಸಿದ ಪುಳಕವೂ ಸ್ಪರ್ಶವೇ. ಉಕ್ಕಿಬಂದ ಆನಂದವೂ ತೃಪ್ತಿಯೇ. ಆದುದರಿಂದ ಬೆಳಕು ಕಂಡರೆ ಅದು ಶಿವಲಿಂಗದ ಪಾಲು, ಕಂಡವನ ಪಾಲಲ್ಲ. ಆನಂದವಾದರೆ ಅದು ಮಹಾಲಿಂಗದ ಪಾಲು. ತನ್ನದಲ್ಲದ ಪಾಲನ್ನು ತನ್ನದೆಂದು ಜಂಬಪಡುವವನು ನೈವೇದ್ಯವನ್ನು ಮೊದಲೇ ಎಂಜಲುಮಾಡಿದವನಿಗೆ ಸಮಾನನು.

ದುಃಖವನ್ನು ಅರ್ಪಿಸುವುದು ಹೇಗೆಂದು ಕೆಲವರು ಕೇಳಬಹುದು. ಲಿಂಗಕ್ಕೆ ಒಳ್ಳೆಯದನ್ನು ಕೊಡಬೇಕು, ಅಳುವನ್ನು ಕೊಡಬಹುದೆ ಎಂದು ಅವರ ಸಂಶಯ. ಭಕ್ತನಲ್ಲಿ ಇರುವುದನ್ನು ಕೊಡುವುದೇ ಅರ್ಪಣೆ. ಇಲ್ಲದುದನ್ನು ತೋರಿಸುವುದು ವೇಷ. ಮಗನನ್ನು ಕಳೆದುಕೊಂಡ ತಾಯಿಯ ಬಳಿ ಆ ಹೊತ್ತಿನಲ್ಲಿ ಇರುವುದು ದುಃಖ ಒಂದೇ. ಅವಳು ಅದನ್ನು ಮುಚ್ಚಿಕೊಳ್ಳದೆ ಲಿಂಗದ ಮುಂದೆ ಇಟ್ಟರೆ ಅದು ಪ್ರಸಾದವಾಗಿ ಮರಳಿ ಬರುತ್ತದೆ. ಪ್ರಸಾದವಾಗಿ ಬಂದ ದುಃಖಕ್ಕೆ ಮೊದಲಿನ ಉರಿಯು ಇರುವುದಿಲ್ಲ. ನೆರೆಮನೆಯಲ್ಲಿ ಯಾರಾದರೂ ಅತ್ತರೆ ಎದ್ದುಹೋಗಿ ಕೈಹಿಡಿಯುವ ಕರುಣೆಯಾಗಿ ಅದು ಮಾರ್ಪಟ್ಟಿರುತ್ತದೆ. ಕೊಟ್ಟದ್ದೂ ಅದೇ, ಬಂದದ್ದೂ ಅದೇ. ಆದರೆ ನಡುವೆ ಲಿಂಗದ ಸೋಂಕು ಆಗಿದೆ. ಪ್ರಸಾದಿಸ್ಥಲದ ಅವಧಾನವೆಂದರೆ ಇದೇ. ಹಾಗೆಯೇ ಭಯವು ಬಂದರೂ ಅದರೊಡನೆ ಜಗಳವಾಡದೆ, ಉಸಿರನ್ನು ಸಹಜವಾಗಿ ಬಿಟ್ಟು, ಅಂಗೈಯ ಮೇಲಣ ಲಿಂಗದ ಭಾರವನ್ನು ಗಮನಿಸಬೇಕು. ಆ ಭಾರವು ನಿಜವಾದುದು. ಅದು ಮನಸ್ಸನ್ನು ಕರೆದು ಕೂರಿಸುತ್ತದೆ. ಇಷ್ಟಲಿಂಗವನ್ನು ಗುರುವು ಅಂಗೈಗೆ ಕೊಟ್ಟುದರಲ್ಲಿ ಇಂತಹ ಉಪಕಾರವೂ ಅಡಗಿದೆ.

ಏನನ್ನೂ ಕಾಣದವನ ಮಾತನ್ನು ಮರೆಯಲಾಗದು. ಏಕೆಂದರೆ ಅವನೇ ಬಹುಸಂಖ್ಯಾತನು. ಅವನು ಪ್ರತಿದಿನವೂ ಕುಳಿತಿದ್ದಾನೆ, ಪ್ರತಿದಿನವೂ ಅವನ ಮನಸ್ಸು ತೋಟಕ್ಕೆ ಓಡಿದೆ, ಪ್ರತಿದಿನವೂ ಅದನ್ನು ಅವನು ಲಿಂಗಕ್ಕೆ ಮರಳಿ ತಂದಿದ್ದಾನೆ. ನೂರು ಸಲ ಓಡಿದ ಮನಸ್ಸನ್ನು ನೂರು ಸಲ ಹಿಂದಕ್ಕೆ ತಂದವನು ತನಗೆ ಧ್ಯಾನವೇ ಆಗಲಿಲ್ಲವೆಂದು ಕೊರಗುವುದು ವಿಚಿತ್ರ. ಆ ಹಿಂದಕ್ಕೆ ತರುವಿಕೆಯೇ ನಿಷ್ಠೆ. ಅದೇ ಮಹೇಶಸ್ಥಲದ ಭಕ್ತಿ. ಅಡಿಕೆಯ ಸಸಿಯನ್ನು ನೆಟ್ಟ ರೈತನು ಮಾರನೆಯ ದಿನ ಗೊನೆಯನ್ನು ಹುಡುಕುವುದಿಲ್ಲ. ವರ್ಷವರ್ಷವೂ ಬುಡಕ್ಕೆ ಸೊಪ್ಪು ಗೊಬ್ಬರಗಳನ್ನು ಹಾಕಿ ಕಾಯುತ್ತಾನೆ. ಬೇರು ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ. ಕೊಳೆರೋಗದ ಚಿಂತೆಯನ್ನೂ ಅರ್ಪಿಸಬಹುದು. ಲಿಂಗದ ಮುಂದೆ ಅದನ್ನು ಇಟ್ಟು, ಪೂಜೆ ಮುಗಿದ ಮೇಲೆ ಎದ್ದು ದ್ರಾವಣವನ್ನು ಸಿದ್ಧಪಡಿಸಬೇಕು. ಪೂಜೆಯ ಹೊತ್ತಿನಲ್ಲಿ ತೋಟವನ್ನು ನೆನೆದುದಕ್ಕೆ ಪಶ್ಚಾತ್ತಾಪಪಡುತ್ತ, ತೋಟದಲ್ಲಿ ಕೆಲಸಮಾಡುವ ಹೊತ್ತನ್ನೂ ಕಳೆದುಕೊಳ್ಳುವುದು ಎರಡು ಕಡೆಯ ನಷ್ಟ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಧ್ಯಾನವು ಎಲ್ಲರಿಗೂ ಯಾವಾಗಲೂ ಸುಖವನ್ನೇ ಕೊಡುವುದೆಂಬುದು ಸತ್ಯವಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಪಾಶ್ಚಾತ್ಯ ದೇಶಗಳಲ್ಲಿ ಝೆನ್ ಮೊದಲಾದ ಬೌದ್ಧಧ್ಯಾನಗಳನ್ನು ಅಭ್ಯಾಸಮಾಡುವವರನ್ನೂ ಅವರ ಗುರುಗಳನ್ನೂ ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 59 ಬಗೆಯ ಅನುಭವಗಳನ್ನು 7 ವರ್ಗಗಳಲ್ಲಿ ಗುರುತಿಸಿದ್ದಾರೆ. ಭಯ, ನಿದ್ರಾನಾಶ, ಮೈನಡುಕ, ತಾನು ಯಾರೆಂಬ ಭಾವವೇ ಕದಡುವುದು ಮೊದಲಾದವೂ ಅವುಗಳಲ್ಲಿ ಸೇರಿವೆ; ಕೆಲವರಿಗೆ ಅವು ಬಹುಕಾಲ ಕಾಡಿದುದೂ ಉಂಟು. ಆದುದರಿಂದ ದಿನಗಟ್ಟಲೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಇಲ್ಲದ ದನಿಗಳು ಪೂಜೆಯ ಹೊರಗೂ ಕೇಳಿಬಂದು ಇಂತಹದನ್ನು ಮಾಡೆಂದು ಆಜ್ಞಾಪಿಸಿದರೆ, ಬದುಕೇ ಬೇಡವೆನಿಸಿದರೆ, ಅದನ್ನು ಶಿವನ ಪರೀಕ್ಷೆಯೆಂದು ಮುಚ್ಚಿಡಬಾರದು. ಮನೆಯವರಿಗೆ ತಿಳಿಸಬೇಕು, ಗುರುವಿಗೆ ತಿಳಿಸಬೇಕು, ತಡಮಾಡದೆ ವೈದ್ಯನ ಬಳಿಗೆ ಹೋಗಬೇಕು. ಇದರಲ್ಲಿ ಭಕ್ತಿಗೆ ಊನವಿಲ್ಲ. ಅಲ್ಲಮನ ಬಳ್ಳಿಗಾವೆಯಲ್ಲಿಯೇ ಕೋಡಿಯಮಠವೆಂಬ ಪ್ರಸಿದ್ಧವಾದ ಶೈವಮಠವಿದ್ದಿತು. 1162ರ ಶಾಸನವು ಆ ಮಠವನ್ನು ವೇದಶಾಸ್ತ್ರಗಳ ಅಧ್ಯಯನದ, ಯೋಗದ ನೆಲೆಯೆಂದು ವರ್ಣಿಸುವುದರ ಜೊತೆಗೆ, ದೀನರಿಗೆ ಅನ್ನವನ್ನೂ ರೋಗಿಗಳಿಗೆ ಚಿಕಿತ್ಸೆಯನ್ನೂ ಕೊಡುವ ಸ್ಥಾನವೆಂದೂ ಹೇಳುತ್ತದೆ. ಯೋಗವೂ ವೈದ್ಯವೂ ಒಂದೇ ಅಂಗಳದಲ್ಲಿದ್ದ ನಾಡಿನವರು ಔಷಧಕ್ಕೆ ನಾಚಬೇಕಾಗಿಲ್ಲ.

ಕೊನೆಗೆ, ಅನುಭವವು ಅನುಭಾವವಾಯಿತೆಂಬುದನ್ನು ತಿಳಿಯುವುದು ಹೇಗೆ? ಅದರ ಗುರುತು ಪೂಜೆಯ ಕೋಣೆಯೊಳಗೆ ಸಿಕ್ಕುವುದಿಲ್ಲ. ಹೊಸ್ತಿಲನ್ನು ದಾಟಿ ಹೊರಗೆ ಬಂದ ಮೇಲೆ ಸಿಕ್ಕುತ್ತದೆ. ಪೂಜೆಯಲ್ಲಿ ಕಣ್ಣೀರು ಸುರಿಸಿದವನು ಅರ್ಧಗಂಟೆಯಲ್ಲಿ ಕೂಲಿಯವನಿಗೆ ಕೊಡತಕ್ಕ ಕೂಲಿಯಲ್ಲಿ ಕಡಿತ ಮಾಡಿದರೆ, ಆ ಕಣ್ಣೀರು ಕಣ್ಣಿನದಾಗಿತ್ತೇ ಹೊರತು ಹೃದಯದ್ದಾಗಿರಲಿಲ್ಲ. ಬೆಳಕನ್ನು ಕಂಡೆನೆಂದವನು ಸೊಸೆಯ ಮೇಲೆ ಮೊದಲಿನಂತೆಯೇ ಸಿಡುಕಿದರೆ, ಆ ಬೆಳಕು ಅವನ ಮನೆಯೊಳಗೆ ಬರಲಿಲ್ಲ. ಏನನ್ನೂ ಕಾಣದವನ ನಾಲಗೆಯು ವರ್ಷದಿಂದ ವರ್ಷಕ್ಕೆ ಮೃದುವಾಗುತ್ತ, ತೂಕ ಅಳತೆಗಳಲ್ಲಿ ಅವನ ಕೈಯು ನೇರವಾಗುತ್ತ, ಬಂದವರಿಗೆ ಬಡಿಸುವಾಗ ಮನಸ್ಸು ಹಿಗ್ಗುತ್ತ ಬಂದಿದ್ದರೆ, ಅವನು ಬೇಡದೆಯೇ ಪ್ರಾಣಲಿಂಗದ ಸೋಂಕು ಅವನಿಗಾಗಿದೆಯೆಂದು ತಿಳಿಯಬೇಕು. ಲಿಂಗವನ್ನು ಹಿಡಿದ ಅಂಗೈಯೇ ಆಮೇಲೆ ಕತ್ತಿಯನ್ನೂ ತಕ್ಕಡಿಯನ್ನೂ ಮಗುವಿನ ಕೈಯನ್ನೂ ಹಿಡಿಯತಕ್ಕುದು. ಲಿಂಗದ ಸೋಂಕು ಆ ಅಂಗೈಯಲ್ಲಿ ಉಳಿದಿದೆಯೆ ಎಂಬುದನ್ನು ಅದರಿಂದ ಕೂಲಿ ಪಡೆದವರೂ, ಅನ್ನ ಉಂಡವರೂ, ಆಸರೆ ಕಂಡವರೂ ಬಲ್ಲರು.

ಆದುದರಿಂದ ಸದ್ಭಕ್ತರು ನಾಳೆಯ ಬೆಳಗಿನ ಪೂಜೆಗೆ ಕುಳಿತಾಗ ಯಾವುದನ್ನೂ ಬಯಸದೆ, ಯಾವುದಕ್ಕೂ ಹೆದರದೆ ಕುಳಿತುಕೊಳ್ಳಲಿ. ಕಣ್ಣೀರು ಬಂದರೆ ಬರಲಿ, ಬಾರದಿದ್ದರೆ ಇರಲಿ. ತೋರಿದುದನ್ನು ಅದಕ್ಕೆ ಸಲ್ಲುವ ಲಿಂಗಮುಖಕ್ಕೆ ಸಲ್ಲಿಸಿ, ಪ್ರಸಾದವಾಗಿ ಬಂದುದನ್ನು ಮನೆಮಂದಿಗೂ ನೆರೆಹೊರೆಗೂ ಹಂಚಲಿ. ಬೆಳಕನ್ನು ಕಂಡವನು ಗುರುವಿನ ಹೊರತು ಯಾರಿಗೂ ಹೇಳಿಕೊಳ್ಳದೆ ತನ್ನ ಕಾಯಕಕ್ಕೆ ಹೋಗಲಿ. ದುಃಖಿತನು ಅಂಜಿಕೆಯಿಲ್ಲದೆ ಲಿಂಗದ ಮುಂದೆ ಅಳಲಿ. ಏನನ್ನೂ ಕಾಣದವನು ಮಾರನೆಯ ದಿನವೂ ಅದೇ ಹೊತ್ತಿಗೆ ಅದೇ ಮಣೆಯ ಮೇಲೆ ಕುಳಿತುಕೊಳ್ಳಲಿ. ಮೂವರಿಗೂ ಲಿಂಗವು ಒಂದೇ, ಮೂವರ ಅಂಗೈಯಲ್ಲಿಯೂ ಅದರ ಭಾರವು ಒಂದೇ. ಆ ಭಾರವನ್ನು ಮರೆಯದೆ ಹೊತ್ತು ನಡೆದವರೆಲ್ಲರೂ ಶಿವಕೃಪೆಗೆ ಪಾತ್ರರಾಗಲಿ.